ಕೂಗಿ ಕೂಗಿ ಸಾಕಾದ ಅಕ್ಕನಿಗೆ

ಸಂಪಾದಕರ ಉತ್ತರ

(ಈ ತಿಂಗಳು ಒಂದೇ ಪತ್ರಕ್ಕೆ ಇಡೀ ಜಾಗ ಕೊಟ್ಟಿದ್ದೇವೆ. ಬರೆದವರು ಶಿರಸಿಯಿಂದ ಪಶ್ಚಿಮಕ್ಕೆ, ಘಟ್ಟದ ಅಂಚಿನ ಒಂದು ಹಳ್ಳಿಯವರು. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಮುಖ್ಯ ಭಾಗ ಇದು:

"ಮನೆಯಲ್ಲಿ ನಾವಿಬ್ಬರೇ. ನನಗೆ 69, ಇವರಿಗೆ 76. ಮೇಷ್ಟರಾಗಿ ನಿವೃತ್ತರಾದವರು. ಒಂದೂವರೆ ಎಕರೆ ಅಡಿಕೆ ತೋಟ, ಎರಡು ಆಕಳು, ಒಂದು ಕರು. ಮಗ, ಸೊಸೆ ಬೆಂಗಳೂರಲ್ಲಿ. ದೊಡ್ಡ ಕಷ್ಟ ಅಂತ ಏನೂ ಇಲ್ಲ. ಆದರೆ ದಿನಾ ಸಣ್ಣ ಸಣ್ಣದಕ್ಕೆಲ್ಲ ಸಿಟ್ಟು ಬರುತ್ತದೆ. ಕರೆಂಟು ಬಂತು ಎಂದು ಪಂಪು ಹಾಕಲು ಇಳಿದರೆ ಅಷ್ಟರಲ್ಲಿ ಹೋಗಿರುತ್ತದೆ. ಮಗನ ಫೋನ್ ಬಂದರೆ ಹಲಸಿನ ಮರದ ಬುಡಕ್ಕೆ ಹೋಗಿ ನಿಲ್ಲಬೇಕು. ಅಡಿಕೆ ಮರ ಹತ್ತಿ ಗೊನೆ ಇಳಿಸುವ ಕೊನೆಗಾರ ನಾಳೆ ಬರುತ್ತೇನೆ ಅಂದವನು ಪತ್ತೆ ಇಲ್ಲ. ಬಾಳೆಗೊನೆ ಮಂಗನ ಪಾಲು. ಬ್ಯಾಂಕಿನ ಮಷಿನ್ನಿಗೆ ಇವರ ಹೆಬ್ಬೆರಳು ತಾಗುವುದಿಲ್ಲ. ನೆಂಟರ ಮನೆ ಮದುವೆಗೆ ಇಬ್ಬರೂ ಒಟ್ಟಿಗೆ ಹೋಗಿ ಎಷ್ಟೋ ವರ್ಷವಾಯಿತು, ಆಕಳಿಗೆ ಹುಲ್ಲು ಹಾಕುವವರು ಯಾರು? ಇವರನ್ನು ಕರೆದರೆ 'ಓ' ಅನ್ನುವುದಿಲ್ಲ. ಕೂಗಿ ಕೂಗಿ ಸಾಕಾಗಿದೆ. ಎಲ್ಲ ಮಾರಿ ಬೆಂಗಳೂರಿಗೆ ಬನ್ನಿ ಅಂತ ಮಗ ಹೇಳುತ್ತಾನೆ. ಇಷ್ಟು ಸಣ್ಣ ವಿಷಯಕ್ಕೆ ಪತ್ರ ಬರೆಯುವುದು ಸರಿಯೋ ಅಲ್ಲವೋ ಗೊತ್ತಿಲ್ಲ.")

ಅಕ್ಕಾ, ನಮಸ್ಕಾರ.

ಬರೆದದ್ದು ಸರಿಯೇ. ಇನ್ನೂ ಮೊದಲೇ ಬರೆಯಬೇಕಿತ್ತು.

ಇದು ಸಣ್ಣ ವಿಷಯ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಒಂದು ಸಲ ಕರೆಂಟು ಹೋದರೆ ಸಣ್ಣದು. ಆದರೆ ಅದೇ ದಿನ ಪಂಪಿಗೂ ಮನೆಗೂ ನಡುವೆ ನಾಲ್ಕು ಸಲ ಹತ್ತಿ ಇಳಿದು, ಮಂಗನ ಹಿಂದೆ ಓಡಿ, ಫೋನ್ ಹಿಡಿದು ಮಳೆಯಲ್ಲಿ ಮರದ ಬುಡದಲ್ಲಿ ನಿಂತು, ಕೊಟ್ಟಿಗೆ ಕೆಲಸ ಮುಗಿಸಿ ಒಳಗೆ ಬಂದಾಗ ಜಗುಲಿಯಿಂದ "ಚಾ ಆತನೇ?" ಅಂತ ಕೇಳಿದರೆ ಸಿಟ್ಟು ಬಾರದೆ ಏನಾಗುತ್ತದೆ? ಆ ಸಿಟ್ಟು ಚಹಾದ್ದಲ್ಲ. ಬೆಳಗ್ಗಿನಿಂದ ಒಟ್ಟಾದದ್ದು. ಹತ್ತಿರ ಇರುವವರು ಅವರೊಬ್ಬರೇ, ಹಾಗಾಗಿ ಅವರ ಮೇಲೆ ಬೀಳುತ್ತದೆ.

ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದಾಗ ನನಗೆ ಕಂಡದ್ದು ಒಂದೇ ವಿಷಯ. ನಿಮ್ಮ ಮನೆ, ತೋಟ, ಕೊಟ್ಟಿಗೆ ಎಲ್ಲ ಹತ್ತು ಹನ್ನೆರಡು ಜನರ ಲೆಕ್ಕದಲ್ಲಿ ಆದದ್ದು. ನಮ್ಮ ಕಡೆಯ ಹಳೇ ಮನೆಗಳೆಲ್ಲ ಹಾಗೇ ಅಲ್ವಾ? ಒಬ್ಬರು ತೋಟಕ್ಕೆ, ಒಬ್ಬರು ಬೆಟ್ಟಕ್ಕೆ ಸೊಪ್ಪು, ದರಕು (ಕೊಟ್ಟಿಗೆಗೆ ಹಾಸುವ ಒಣ ಎಲೆ) ತರಲು, ಅತ್ತೆ ಕೊಟ್ಟಿಗೆಗೆ, ಚಿಕ್ಕಪ್ಪ ಪೇಟೆಗೆ, ಬಾಳೆಗೊನೆ ಕಾಯಲು ರಜೆಯಲ್ಲಿ ಬಂದ ಮಕ್ಕಳು. ಬಚ್ಚಲ ಹಂಡೆಗೆ ಬೆಂಕಿ ಹಾಕುವುದೂ ಯಾರೋ ಒಬ್ಬರ ಪಾಲಿನ ಕೆಲಸವೇ ಆಗಿತ್ತು. ಈಗ ಅಷ್ಟೂ ಕೆಲಸ ಹಾಗೇ ಇದೆ. ಮಾಡುವವರು ಇಬ್ಬರು, ಅದೂ ಎಪ್ಪತ್ತರ ಆಚೀಚೆಯವರು. ಇದಕ್ಕೆ ಮಗ ಹೇಳುವ ಒಂದೇ ಉಪಾಯ ಮನೆ ಬಿಡುವುದು. ಊರವರು ಹೇಳುವ ಒಂದೇ ಉಪಾಯ ಸುಧಾರಿಸಿಕೊಂಡು ಹೋಗುವುದು. ನನಗೆ ಎರಡೂ ಸರಿ ಕಾಣುವುದಿಲ್ಲ. ಮನೆ ಬಿಡಬೇಡಿ, ಕೆಲಸ ಬಿಡಿ. ಯಾವುದನ್ನು ಬಿಡಬಹುದು ಎಂದು ಒಂದೊಂದೇ ನೋಡೋಣ.

ತೋಟದಿಂದ ಶುರು ಮಾಡುತ್ತೇನೆ. ಜಾಸ್ತಿ ಭಾರ ಇರುವುದು ಅಲ್ಲೇ.

ಕೊನೆಗಾರನ ಮೇಲೆ ನಿಮಗೆ ಬೇಸರ ಇದೆ. ಆದರೆ ಅವನ ಕಡೆಯಿಂದಲೂ ನೋಡಬೇಕು. ಮೊದಲು ಒಂದು ಕೇರಿಗೆ ಒಬ್ಬ ಕೊನೆಗಾರ ಸಿಗುತ್ತಿದ್ದ. ಈಗ ಸುತ್ತಲಿನ ಊರುಗಳಿಗೆಲ್ಲ ಸೇರಿ ಒಬ್ಬಿಬ್ಬರು. ಮರದಿಂದ ಮರಕ್ಕೆ ಹಾರುವ ಕೆಲಸವನ್ನು ಅವನ ಮಗ ಕಲಿಯಲಿಲ್ಲ, ಕಲಿಯಲಿ ಎಂದು ಅವನಿಗೂ ಮನಸ್ಸಿಲ್ಲ. ಬಿದ್ದರೆ ಸೊಂಟ ಮುರಿಯುವ ಕೆಲಸ ಅದು. ಮಳೆಗೆ ಮರ ಜಾರುತ್ತಿದ್ದರೆ ಹತ್ತುವ ಹಾಗೇ ಇಲ್ಲ. ಎರಡು ದಿನ ಬಿಸಿಲು ಬಿತ್ತು ಎಂದರೆ ಎಲ್ಲ ತೋಟದವರೂ ಒಟ್ಟಿಗೇ ಕರೆಯುತ್ತಾರೆ. ಅವನು "ನಾಳೆ" ಎನ್ನುವುದು ಸುಳ್ಳು ಹೇಳಬೇಕೆಂದಲ್ಲ. ಮಳೆ ಬಿಟ್ಟರೆ, ಇನ್ನೊಬ್ಬರ ತೋಟ ಮುಗಿದರೆ ಎಂಬ ಮಾತು ಅದರೊಳಗೇ ಇದೆ.

ಅಡಿಕೆ ಕಾಯಿ ಕೊಳೆತು ಉದುರುವ ಕೊಳೆ ರೋಗ ಮಾತ್ರ, ಔಷಧಿ ಹೊಡೆಯಲು ಮರ ಹತ್ತಬೇಕಾದ ಅವನಿಗಾಗಿ ಕಾಯುವುದಿಲ್ಲ. ಮೊದಲ ಔಷಧಿ ಮಳೆ ಹಿಡಿಯುವ ಹೊತ್ತಿಗೇ ಬೀಳಬೇಕು, ಎರಡನೆಯದು 40–45 ದಿನ ಬಿಟ್ಟು. 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಈ ಅಳತೆ ನಿಮ್ಮ ಯಜಮಾನರಿಗೆ ಬಾಯಿಪಾಠವೇ ಇರುತ್ತದೆ. ಆದರೆ ತುತ್ತ ಕರಗಿಸಿ, ಡ್ರಮ್ಮಿಗೆ ನೀರು ಹೊತ್ತು, ಪೈಪು ಎಳೆಯುವುದು 76ರ ವಯಸ್ಸಿನ ಕೆಲಸವಲ್ಲ.

ಈಗ ಫೈಬರ್ ದೋಟಿ (ಉದ್ದ ಕೋಲು) ಹಿಡಿದು ನೆಲದಲ್ಲೇ ನಿಂತು ಔಷಧಿ ಹೊಡೆಯುವ, ಕೊನೆ ಕೊಯ್ಯುವ ಹುಡುಗರ ತಂಡಗಳು ಮಲೆನಾಡಿನ ತುಂಬ ಆಗಿವೆ. ಒಬ್ಬರದೇ ಒಂದೂವರೆ ಎಕರೆಗೆ ಅವರು ದೂರದಿಂದ ಬರಲು ಹಿಂದೆ ಮುಂದೆ ನೋಡುತ್ತಾರೆ. ನಿಮ್ಮ ಕೇರಿಯ ನಾಲ್ಕೈದು ಮನೆ ಸೇರಿ ಒಟ್ಟಿಗೆ ಮಾತಾಡಿ, ಮೇ ತಿಂಗಳಲ್ಲೇ ದಿನ ಗೊತ್ತು ಮಾಡಿಕೊಳ್ಳಿ. ಮುಂಗಡ ಕೊಡಿ. ಹೀಗೆ ಒಟ್ಟಾಗುವುದು ಶಿರಸಿಯವರಿಗೆ ಹೊಸದೇನಲ್ಲ. ಒಬ್ಬೊಬ್ಬರೇ ಹೋದರೆ ಅಡಿಕೆಗೆ ಬೆಲೆ ಸಿಗುವುದಿಲ್ಲ ಎಂದು ನಮ್ಮ ಹಿರಿಯರು 1923ರಲ್ಲೇ ತೋಟಗಾರ್ಸ್ ಸೇಲ್ ಸೊಸೈಟಿ ಕಟ್ಟಿದರು. ಅಂದು ಬೆಲೆಗೆ ಒಟ್ಟಾದ ಹಾಗೆ ಇಂದು ಕೆಲಸಕ್ಕೆ ಒಟ್ಟಾಗಬೇಕು. ವಯಸ್ಸಾದವರೇ ಇರುವ ಮನೆಗಳು ಪ್ರತಿ ಊರಲ್ಲೂ ಜಾಸ್ತಿ ಆಗುತ್ತಿವೆ. ಅಂಥ ಮನೆಗಳ ತೋಟದ ಕೆಲಸಕ್ಕೆ ಒಂದು ಪಾಳಿ ಪಟ್ಟಿ ಮಾಡುವುದನ್ನು ಊರಿನ ಸಂಘಗಳು ತಮ್ಮ ಕೆಲಸ ಎಂದುಕೊಳ್ಳಬೇಕು. ಇದನ್ನು ಓದುವ ಸಂಘದ ನಿರ್ದೇಶಕರು ಯಾರಾದರೂ ಇದ್ದರೆ, ಮುಂದಿನ ಸಭೆಯಲ್ಲಿ ದಯವಿಟ್ಟು ಈ ಮಾತು ಎತ್ತಿ.

ಕೊಯ್ಲಾದ ಮೇಲಿನ ಕೆಲಸ ಇನ್ನೂ ದೊಡ್ಡದು. ಸುಲಿಯಬೇಕು, ಬೇಯಿಸಬೇಕು, ಒಣಗಿಸಬೇಕು, ಮೋಡ ಕಂಡರೆ ಒಳಗೆ ತರಬೇಕು. ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ರಾತ್ರಿ ಹನ್ನೊಂದರವರೆಗೆ ಕೂರುವ ವಯಸ್ಸು ದಾಟಿತು. ಹಸಿ ಅಡಿಕೆಯನ್ನೇ ಮಾರುವುದು ಈಗ ನಮ್ಮ ಕಡೆ ನಡೆಯುತ್ತಿದೆ. ಲಾಭ ಸ್ವಲ್ಪ ಕಡಿಮೆಯಾಗಬಹುದು. ಆದರೆ ಎರಡು ಮೂರು ತಿಂಗಳ ದುಡಿಮೆ, ಆಳಿನ ಅಡುಗೆ, ಅಂಗಳದ ಕಾವಲು ಎಲ್ಲ ಉಳಿಯುತ್ತದೆ. ಇದಕ್ಕೆ ಯಜಮಾನರು ಬೇಗ ಒಪ್ಪಲಿಕ್ಕಿಲ್ಲ. "ನಮ್ಮನೆ ಅಡಿಕೆ" ಎಂಬ ಅಭಿಮಾನ ಸುಮ್ನೆ ಬರುವುದಲ್ಲ, ಅದನ್ನು ಹಗುರ ಮಾಡಬೇಡಿ. ಕವಳಕ್ಕೆ (ಎಲೆ ಅಡಿಕೆಗೆ), ಮನೆಯ ಕಾರ್ಯಗಳಿಗೆ ಬೇಕಾದಷ್ಟು ಇಟ್ಟುಕೊಂಡು ಅವರ ಕೈಯಿಂದಲೇ ಹದ ಮಾಡಿಸಿ. ಉಳಿದದ್ದು ಹಸಿಯಾಗಿ ಹೋಗಲಿ.

ಇನ್ನು ಆಕಳು. ಪತ್ರದಲ್ಲಿ ನನಗೆ ಹೆಚ್ಚು ನೋವು ಕೊಟ್ಟ ಸಾಲು ಅದೇ: ಇಬ್ಬರೂ ಒಟ್ಟಿಗೆ ಮದುವೆಗೆ ಹೋಗಿ ಎಷ್ಟೋ ವರ್ಷವಾಯಿತು ಎಂಬುದು. ಮದುವೆಮನೆಯಲ್ಲಿ ನೀವೊಬ್ಬರೇ ಊಟಕ್ಕೆ ಕೂರುವುದು, ಅವರು ಮನೆಯಲ್ಲಿ ತಂಬುಳಿ ಕಲಸಿಕೊಂಡು ಉಣ್ಣುವುದು. ಮುಂದಿನ ಸಲ ಅವರು ಹೋಗುವುದು, ನೀವು ಉಳಿಯುವುದು. ನಲವತ್ತೈದು ಐವತ್ತು ವರ್ಷ ಜೊತೆಗೆ ಬಾಳಿದವರಿಗೆ ಇದು ಸಣ್ಣ ಕಷ್ಟ ಹೇಗಾಗುತ್ತದೆ?

ಎರಡರಲ್ಲಿ ಒಂದು ಆಕಳನ್ನು, ಕರುವಿನ ಸಮೇತ, ನಿಮಗೆ ಗೊತ್ತಿರುವ ಮನೆಗೆ ಕೊಟ್ಟುಬಿಡಿ. ಒಂದನ್ನು ಇಟ್ಟುಕೊಳ್ಳಿ. ಗೊಬ್ಬರಕ್ಕೂ ಬೇಕು, ಮನೆ ಬರಿದಾಗದಿರಲಿಕ್ಕೂ ಬೇಕು. ಒಂದು ಆಕಳಾದರೆ ಪಕ್ಕದ ಮನೆಯವರು ಒಂದೆರಡು ದಿನ ನೋಡಿಕೊಳ್ಳುತ್ತಾರೆ, ಎರಡು ಮತ್ತು ಕರು ಎಂದರೆ ಅವರಿಗೂ ಕಷ್ಟ. ಕೇಳಲು ನಿಮಗೆ ಸಂಕೋಚ, ಅದು ಪತ್ರದಲ್ಲೇ ಕಾಣುತ್ತದೆ. ನಮ್ಮಲ್ಲಿ ಮುರಿಯಾಳು ಇತ್ತಲ್ಲ, ಇಂದು ನಾನು ನಿನ್ನ ಗದ್ದೆಗೆ, ನಾಳೆ ನೀನು ನನ್ನ ಗದ್ದೆಗೆ ಎಂದು. ಈಗ ತಿರುಗಿ ಮೈ ದುಡಿಮೆ ಕೊಡಲು ನಮ್ಮಿಂದ ಆಗುವುದಿಲ್ಲವಲ್ಲ ಎಂದು ಹಿರಿಯರು ಕೇಳುವುದನ್ನೇ ಬಿಟ್ಟಿದ್ದಾರೆ. ಆದರೆ ಕೊಡಲು ನಿಮ್ಮ ಹತ್ತಿರ ಬೇಕಾದಷ್ಟಿದೆ. ಯಜಮಾನರು ಮೇಷ್ಟರು. ಪಕ್ಕದ ಮನೆಯ ಹುಡುಗ ಏಳನೆಯದೋ ಎಂಟನೆಯದೋ ಓದುತ್ತಿದ್ದರೆ ಸಂಜೆ ಜಗುಲಿಯಲ್ಲಿ ಕೂರಿಸಿ ಲೆಕ್ಕ ಹೇಳಿಕೊಡಲಿ. ತಾಯಿ ಕೆಲಸಕ್ಕೆ ಹೋದಾಗ ಕೂಸು ನಿಮ್ಮ ಮನೆಯಲ್ಲಿ ಇರಲಿ. ಹಾಲು, ಮಜ್ಜಿಗೆ, ಸಗಣಿ ಗೊಬ್ಬರ ಹೇಗೂ ಇದೆ. ಇದು ಉಪಕಾರ ಬೇಡುವುದಲ್ಲ ಅಕ್ಕಾ, ಕೊಟ್ಟು ತೆಗೆದುಕೊಳ್ಳುವುದು.

ಮಂಗನಿಗೆ ನನ್ನ ಬಳಿ ಔಷಧಿ ಇಲ್ಲ. ಮನೆಯ ಹತ್ತಿರ ಕಣ್ಣಿಗೆ ಕಾಣುವಲ್ಲಿ ನಾಲ್ಕು ಬಾಳೆ ಇಟ್ಟುಕೊಂಡು, ಗೊನೆಗೆ ಗೋಣಿಚೀಲ ಕಟ್ಟಿ. ದೂರದ ಬಾಳೆಯನ್ನು ಕಾಯುವುದು ಬಿಟ್ಟುಬಿಡಿ. ಆದರೆ ಮಂಗದ ವಿಷಯದಲ್ಲಿ ಇದಕ್ಕಿಂತ ದೊಡ್ಡ ಮಾತೊಂದಿದೆ, ಅದನ್ನು ಹೇಳಲೇಬೇಕು. ತೋಟದಲ್ಲೋ ಬೆಟ್ಟದಲ್ಲೋ ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಮುಟ್ಟಬೇಡಿ. ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ಆಗಲೇ ತಿಳಿಸಿ. ಮಂಗನ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಈಚಿನ ವರ್ಷಗಳಲ್ಲಿ ಸಿದ್ದಾಪುರದಲ್ಲಿ ಜನ ಸತ್ತದ್ದು ನಮಗೆಲ್ಲ ಗೊತ್ತಿದೆ. ಹರಡುವುದು ಉಣುಗಿನಿಂದ, ಅಂದರೆ ಮೈಗೆ ಕಚ್ಚಿ ರಕ್ತ ಹೀರುವ ಉಣ್ಣಿಯಿಂದ. ಡಿಸೆಂಬರ್‌ನಿಂದ ಮೇ ತನಕ ಜಾಸ್ತಿ, ಅಂದರೆ ನಾವು ದರಕು ಗುಡಿಸುವ ಕಾಲವೇ. ಆ ತಿಂಗಳುಗಳಲ್ಲಿ ಬೆಟ್ಟಕ್ಕೆ ಹೋಗುವ ಮುಂಚೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳಿ, ಬಂದ ಕೂಡಲೇ ಬಟ್ಟೆ ಬದಲಿಸಿ ಬಿಸಿನೀರಿನಲ್ಲಿ ಮೈ ತೊಳೆಯಿರಿ. ಆಕಳ ಮೈಯಲ್ಲೂ ಉಣುಗು ಮನೆಗೆ ಬರುತ್ತದೆ. ಇಷ್ಟಾಗಿಯೂ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಷಾಯ ಕುಡಿದು ಕಾಯಬೇಡಿ. ಅಲ್ಲ, ದರಕು ತರುವ ಕೆಲಸವನ್ನೇ ಬಿಟ್ಟರೆ ಇನ್ನೂ ಒಳ್ಳೆಯದು. ಒಂದೇ ಆಕಳಿನ ಕೊಟ್ಟಿಗೆಗೆ ತೋಟದ ಸೋಗೆಯೇ (ಅಡಿಕೆ ಗರಿ) ಸಾಕು.

ಬ್ಯಾಂಕಿನ ಹೆಬ್ಬೆರಳಿಗೆ ಬೇಗ ಹೇಳಿ ಮುಗಿಸುತ್ತೇನೆ. ವರ್ಷಗಟ್ಟಲೆ ಅಡಿಕೆ ಸುಲಿದ ಬೆರಳಿನ ಗೆರೆ ಸವೆದಿರುತ್ತದೆ, ಮಷಿನ್ನಿಗೆ ಸಿಗುವುದಿಲ್ಲ. ಪಿಂಚಣಿ ಮುಂದುವರಿಯಲು ನವೆಂಬರ್‌ನಲ್ಲಿ ಕೊಡುವ ಜೀವಂತ ಪ್ರಮಾಣಪತ್ರಕ್ಕೆ ಹೆಬ್ಬೆರಳೇ ಬೇಕೆಂದಿಲ್ಲ. ಮೊಬೈಲಿನಲ್ಲಿ ಮುಖ ತೋರಿಸಿ ಕೊಡುವ ವ್ಯವಸ್ಥೆ 2021ರಿಂದ ಇದೆ, ಮಗ ಬಂದಾಗ ಮಾಡಿಕೊಡಲಿ. ಅಂಚೆಯವರು ಮನೆಗೇ ಬಂದು ಮಾಡಿಕೊಡುವ ಸೇವೆಯೂ ಇದೆ. ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. 70 ದಾಟಿದವರಿಗೆ ಹಣ ಕೊಡುವುದು, ಪಡೆಯುವುದು, ಈ ಪ್ರಮಾಣಪತ್ರ ತೆಗೆದುಕೊಳ್ಳುವುದು ಇವನ್ನೆಲ್ಲ ಮನೆಬಾಗಿಲಲ್ಲೇ ಮಾಡಿಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಮ್ಯಾನೇಜರಿಗೆ ಒಂದು ಅರ್ಜಿ ಬರೆದು ಕೊಡಿ. ಮೇಷ್ಟರು ಬರೆದ ಅರ್ಜಿ ಅಂದರೆ ಅಚ್ಚುಕಟ್ಟಾಗಿಯೇ ಇರುತ್ತದೆ.

ಪಂಪಿಗೆ ಆಟೊ ಸ್ಟಾರ್ಟರ್ ಹಾಕಿಸಿ, ಕರೆಂಟು ಬಂದಾಗ ತಾನೇ ಶುರುವಾಗುತ್ತದೆ. ನೀರು ಇಲ್ಲದೆ ಓಡಿದರೆ ಮೋಟರ್ ಸುಡುತ್ತದೆ, ಅದಕ್ಕೆ ತಡೆಯೂ ಅದರಲ್ಲೇ ಇರಲಿ. ಪೈಪಿನ ನೀರು ಇಳಿದುಹೋಗದಂತೆ ತಡೆಯುವ ಫುಟ್‌ವಾಲ್ವ್ ಹಳೆಯದಾಗಿದ್ದರೆ ಅದನ್ನೂ ಈಗಲೇ ಬದಲಿಸಿ. ಇಲ್ಲದಿದ್ದರೆ ಪ್ರತಿ ಸಲ ಕೊಡದಲ್ಲಿ ನೀರು ತುಂಬಿಸುವ ಕೆಲಸ ಹಾಗೇ ಉಳಿಯುತ್ತದೆ. ಇವೆಲ್ಲ ಮಗನ ಖರ್ಚಿನಲ್ಲಿ ಆಗಲಿ, ಇದನ್ನು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ನಿಮ್ಮ ಊರಿಗೆ ಕೇಬಲ್ಲಿನ ಇಂಟರ್ನೆಟ್ ಬಂದಿದ್ದರೆ ವೈಫೈ ಮೂಲಕವೇ ಫೋನ್ ಮಾತಾಡಬಹುದು, ಹಲಸಿನ ಮರದ ಬುಡಕ್ಕೆ ಹೋಗುವುದು ತಪ್ಪುತ್ತದೆ. ಕರೆಂಟು ಹೋದಾಗಲೂ ನಡೆಯುವಂತೆ ಅದಕ್ಕೊಂದು ಸಣ್ಣ ಬ್ಯಾಟರಿ ಬೇಕು.

ಈಗ ಬೆಂಗಳೂರಿನ ಮಾತು.

ಮಗನನ್ನು ಬೈಯಬೇಡಿ. "ಮಾರಿ ಬನ್ನಿ" ಎನ್ನುವಾಗ ಅವನ ತಲೆಯಲ್ಲಿರುವುದು ತೋಟದ ಬೆಲೆ ಎಂದು ನನಗೆ ಅನಿಸುವುದಿಲ್ಲ. ರಾತ್ರಿ ಎರಡು ಗಂಟೆಗೆ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದರೆ ಆಯಿ ಒಬ್ಬಳೇ ಏನು ಮಾಡುತ್ತಾಳೆ ಎಂಬ ಹೆದರಿಕೆ. ಆ ಹೆದರಿಕೆ ಸುಳ್ಳಲ್ಲ. ನಮ್ಮ ಜಿಲ್ಲೆಯಲ್ಲಿ ದೊಡ್ಡ ಕಾಯಿಲೆ ಎಂದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಮಂಗಳೂರಿಗೋ ಓಡುವ ಸ್ಥಿತಿ ಇನ್ನೂ ಇದೆ. ಸುಸಜ್ಜಿತ ಆಸ್ಪತ್ರೆ ಬೇಕೆಂದು 2022ರಲ್ಲಿ ಜಿಲ್ಲೆಯ ಜನ ಎಷ್ಟು ಕೂಗಿದರು! ಅದು ಆಗುವವರೆಗೆ ಅವನ ಹೆದರಿಕೆಗೆ ಬಾಯಿಮಾತಿನ ಸಮಾಧಾನ ಸಾಲದು, ಮನೆಯಲ್ಲಿ ಕಾಣುವ ಉತ್ತರ ಬೇಕು. ಅಂಗಳದ ಪಾಚಿಗೆ ಮಳೆಗಾಲದ ಮುಂಚೆಯೇ ಸುಣ್ಣ ಹಾಕಿ ತಿಕ್ಕಿಸಿ. ಕೊಟ್ಟಿಗೆಗೆ ಹೋಗುವ ದಾರಿಗೆ ಅಡಿಕೆ ದಬ್ಬೆ (ಸೀಳಿದ ಮರದ ಪಟ್ಟಿ) ಹಾಸಿ. ಬಚ್ಚಲಲ್ಲಿ, ಮೆಟ್ಟಿಲ ಬದಿಯಲ್ಲಿ ಹಿಡಿದುಕೊಳ್ಳಲು ಕಬ್ಬಿಣದ ಹಿಡಿಕೆ ಕೂರಿಸಿ. ಅಟ್ಟ ಹತ್ತುವುದು ಇಬ್ಬರೂ ಬಿಡಿ, ಅಲ್ಲಿರುವ ಬೇಕಾದ ವಸ್ತು ಕೆಳಗೆ ಬರಲಿ. ಪಕ್ಕದ ಮನೆಯವರ ನಂಬರು, ಜೀಪು ಇರುವವರ ನಂಬರು, ಆಂಬುಲೆನ್ಸಿನ 108 ಇವನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಯಿರಿ. ಹಿರಿಯರಿಗೆಂದೇ 14567 ಎಂಬ ಸಹಾಯವಾಣಿ ಇದೆ. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ, ಮಾತಾಡಲು ದುಡ್ಡು ಬೇಕಾಗಿಲ್ಲ. ಪಿಂಚಣಿ, ಕಾನೂನು, ಆಸ್ಪತ್ರೆ ಯಾವುದನ್ನಾದರೂ ಕೇಳಬಹುದು.

ಮಗ ಊರಿಗೆ ಬಂದಾಗ ಅವನನ್ನು ನೆಂಟನಂತೆ ಕೂರಿಸಿ ಬರೀ ತೆಳ್ಳೇವು (ತೆಳು ದೋಸೆ) ಹೊಯ್ದು ಕೊಡಬೇಡಿ. ತೆಳ್ಳೇವು ಕೊಡಿ, ಜೊತೆಗೆ ಈ ಕೆಲಸದ ಪಟ್ಟಿಯನ್ನೂ ಕೊಡಿ. ದೂರ ಇರುವ ಮಕ್ಕಳಿಗೆ ಎಷ್ಟೋ ಸಲ ಏನು ಮಾಡಬೇಕೆಂದೇ ಗೊತ್ತಾಗುವುದಿಲ್ಲ. ಹಾಗಾಗಿ ಅವರಿಗೆ ಹೊಳೆಯುವುದು "ಬಂದುಬಿಡಿ" ಎಂಬ ಒಂದೇ ಮಾತು. ಮಾರುವ ಮಾತನ್ನು ಮಾತ್ರ ಈಗ ಆಡಬೇಡಿ. ಒಂದು ವರ್ಷ ಕೆಲಸ ಕಡಿಮೆ ಮಾಡಿ ನೋಡಿ. ಆಮೇಲೂ ಇಲ್ಲಿ ಇರಲಾಗುವುದಿಲ್ಲ ಎಂದು ನಿಮಗಿಬ್ಬರಿಗೇ ಅನಿಸಿದರೆ ಹೋಗಿ. ಅದರಲ್ಲಿ ಸೋಲೇನೂ ಇಲ್ಲ. ಆದರೆ ಸುಸ್ತಾದ ಹೊತ್ತಿನಲ್ಲಿ ತೋಟ ಮಾರಬೇಡಿ.

ಕೊನೆಗೆ ಇಟ್ಟುಕೊಂಡದ್ದು ನಿಮ್ಮ ಯಜಮಾನರ ವಿಷಯ. ನೀವು ಅದನ್ನು ಎಲ್ಲದರ ನಡುವೆ ಒಂದು ಸಾಲಿನಲ್ಲಿ ಬರೆದಿದ್ದೀರಿ. ಆದರೆ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ ಎಂದು ನನಗೆ ಅನಿಸಿದೆ.

ಕರೆದರೆ ಅವರು "ಓ" ಅನ್ನುವುದಿಲ್ಲ. ಒಂದು ವಿಷಯ ಗಮನಿಸಿ ನೋಡಿ. ಗಂಡಸರು ಯಾರಾದರೂ ಬಂದು ಜಗುಲಿಯಲ್ಲಿ ಎದುರು ಕೂತು ಮಾತಾಡಿದರೆ ಸರಿಯಾಗಿ ಉತ್ತರ ಕೊಡುತ್ತಾರಾ? ನಿಮ್ಮ ಮಾತು, ಮೊಮ್ಮಗಳ ಮಾತು ಮಾತ್ರ ತಪ್ಪುತ್ತದಾ? ಟಿವಿ ಜೋರು ಇಡುತ್ತಾರಾ? ಹೌದಾದರೆ ಅದು ಉದಾಸೀನ ಅಲ್ಲ, ಕಿವಿ. ವಯಸ್ಸಾದಾಗ ಮೊದಲು ಕೇಳದೇ ಹೋಗುವುದು ತೆಳುವಾದ, ಎತ್ತರದ ದನಿ. ಹೆಂಗಸರ ಮತ್ತು ಮಕ್ಕಳ ದನಿ ಅಂಥದ್ದು. ಸದ್ದು ಕೇಳುತ್ತದೆ, ಮಾತು ಬಿಡಿಸುವುದಿಲ್ಲ. ಅದರ ಮೇಲೆ ಹಂಚಿನ ಮಾಡಿಗೆ ಮಳೆ ಹೊಡೆಯುತ್ತಿದ್ದರೆ ಕೇಳಲೇಬೇಡಿ. ನೀವು ಇನ್ನೂ ಗಟ್ಟಿಯಾಗಿ ಕೂಗುತ್ತೀರಿ. ಕೂಗಿದಾಗ ದನಿ ಇನ್ನೂ ಎತ್ತರ ಹೋಗುತ್ತದೆ, ಮಾತು ಇನ್ನೂ ಕಲಸುತ್ತದೆ. ಅವರಿಗೆ ತಲುಪುವುದು ನಿಮ್ಮ ಸಿಟ್ಟು ಮಾತ್ರ. ಏಕೆ ಸಿಟ್ಟು ಎಂದು ತಿಳಿಯದೆ ಅವರು ಸುಮ್ಮನಾಗುತ್ತಾರೆ. ಆ ಮೌನ ನೋಡಿ ನಿಮಗೆ ಮತ್ತೆ ಸಿಟ್ಟು. ಇಡೀ ಜೀವಮಾನ ಮಕ್ಕಳಿಗೆ "ಗಮನ ಕೊಟ್ಟು ಕೇಳಿ" ಎಂದ ಮೇಷ್ಟರಿಗೆ ತನಗೆ ಕೇಳುತ್ತಿಲ್ಲ ಎಂದು ಬಾಯಿಬಿಟ್ಟು ಹೇಳುವುದು ಸುಲಭವಲ್ಲ. ಅದು ನಿಮಗೇ ಗೊತ್ತಿರುತ್ತದೆ.

ಅಡುಗೆಮನೆಯಿಂದ ಕರೆಯುವುದನ್ನು ನಿಲ್ಲಿಸಿ. ಹತ್ತಿರ ಹೋಗಿ, ಮುಖ ಕಾಣುವಂತೆ ನಿಂತು, ದನಿ ತಗ್ಗಿಸಿ ನಿಧಾನವಾಗಿ ಹೇಳಿ. ತೋಟದಲ್ಲಿದ್ದಾಗ ಕರೆಯಲು ಒಂದು ಸೀಟಿಯನ್ನೋ ತಟ್ಟೆ ಬಡಿಯುವುದನ್ನೋ ಗುರುತು ಮಾಡಿಕೊಳ್ಳಿ. ಯಾವುದು ಅವರಿಗೆ ಕೇಳುತ್ತದೋ ನೋಡಿ ಅದನ್ನೇ ಇಟ್ಟುಕೊಳ್ಳಿ. ಮಳೆಗಾಲ ಶುರುವಾಗುವ ಮೊದಲು ಕಿವಿ ಡಾಕ್ಟರಿಗೆ ತೋರಿಸಿ. ಕೆಲವರಿಗೆ ಕಿವಿಯಲ್ಲಿ ಗಟ್ಟಿಯಾದ ಗುಗ್ಗೆ ತೆಗೆದರೇ ಅರ್ಧ ಸರಿಯಾಗುತ್ತದೆ. ಇಲ್ಲದಿದ್ದರೆ ಎಷ್ಟು ಕೇಳುತ್ತದೆ ಎಂಬ ಪರೀಕ್ಷೆ ಮಾಡಿ ಕಿವಿಗೆ ಹಾಕುವ ಯಂತ್ರ ಬೇಕೋ ಹೇಳುತ್ತಾರೆ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಾದ ನಿಮಗೆ ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ, ಅವರಿಗೆ ವಯಸ್ಸಿನ ಮೇಲೆ ನಾಲ್ಕರಲ್ಲಿ ಒಂದು ಪಾಲು ಕಡಿಮೆ. ಆಧಾರ್ ಕಾರ್ಡ್ ಮರೆಯಬೇಡಿ.

ಯಂತ್ರ ಹಾಕಿದ ಮೊದಲ ಕೆಲವು ವಾರ ಅವರಿಗೆ ಹಿಂಸೆಯಾಗುತ್ತದೆ. ಪಾತ್ರೆ ಸದ್ದು, ತಮ್ಮದೇ ದನಿ ಎಲ್ಲ ವಿಚಿತ್ರವಾಗಿ ಕೇಳುತ್ತದೆ. ಎಷ್ಟೋ ಜನ ಆಗಲೇ ತೆಗೆದು ಕಪಾಟಿನಲ್ಲಿ ಇಟ್ಟುಬಿಡುತ್ತಾರೆ. ಹಾಗಾಗಲು ಬಿಡಬೇಡಿ. ಮೊದಲು ಮನೆಯೊಳಗೆ, ನೀವಿಬ್ಬರೇ ಇರುವಾಗ, ದಿನಕ್ಕೆ ಒಂದೆರಡು ತಾಸು ಹಾಕಿಕೊಳ್ಳಲಿ. ಸರಿಹೊಂದದಿದ್ದರೆ ಅದೇ ಜಾಗಕ್ಕೆ ಮತ್ತೆ ಹೋಗಿ ಹೊಂದಿಸಿಕೊಂಡು ಬನ್ನಿ, ಬೇಕಾದರೆ ಇನ್ನೊಂದು ಸಲವೂ ಹೋಗಿ.

– ಸಂಪಾದಕ